ಸಂಸಾರ ಸಮಾಚಾರ: ದವಾಖಾನೆಯ ಎರಡು ಹೊಸ್ತಿಲು

ವೈದ್ಯರಿರುವ ಜಾಗಕ್ಕೆ ನಮ್ಮ ಜನರಲ್ಲಿ ಸೀಮೆಗೊಂದು ಹೆಸರು. ಧಾರವಾಡ, ಕಲಬುರಗಿಗಳ ಕಡೆಯವರು ದವಾಖಾನೆಗೆ ಹೋಗುತ್ತಾರೆ. ಮೈಸೂರು, ಹಾಸನದವರು ಆಸ್ಪತ್ರೆಗೆ ಹೋಗುತ್ತಾರೆ. ಉಡುಪಿಯ ಕಡೆಯವರು ‘ಡಾಕ್ಟ್ರಲ್ಲಿಗೆ’ ಹೋಗಿಬರುತ್ತಾರೆ. ಹೆಸರು ಏನೇ ಇರಲಿ, ಮುಂಬಯಿಗೆ ಬಂದ ಮೇಲೆ ಎಲ್ಲರೂ ಹತ್ತಬೇಕಾದ ಮೆಟ್ಟಿಲು ಒಂದೇ. ಆ ಮೆಟ್ಟಿಲಿನ ವಿಚಾರವಾಗಿಯೂ, ಅದನ್ನು ಹತ್ತಿದ ಮೇಲೆ ಎದುರಾಗುವ ಇನ್ನೊಂದು ಹೊಸ್ತಿಲಿನ ವಿಚಾರವಾಗಿಯೂ ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ದೊಡ್ಡ ಆಸ್ಪತ್ರೆಗಳ ಮಾತು ಇಲ್ಲಿ ಬೇಡ. ಅಲ್ಲಿ ಲಿಫ್ಟು ಇರುತ್ತದೆ, ಗಾಲಿಕುರ್ಚಿ ಇರುತ್ತದೆ, ಅದನ್ನು ತಳ್ಳುವ ಆಳೂ ಇರುತ್ತಾನೆ. ಹುಡುಕಿದರೆ ಸಿಗುತ್ತಾನೆ ಎನ್ನುವುದು ಬೇರೆ ಮಾತು. ನಾನು ಹೇಳಹೊರಟಿರುವುದು ಬೀದಿಯ ಮೂಲೆಯ ಕ್ಲಿನಿಕ್ಕಿನ ಸಂಗತಿ, ಮುನಿಸಿಪಾಲಿಟಿಯ ದವಾಖಾನೆಯ ಸಂಗತಿ. ಜ್ವರ, ಕೆಮ್ಮು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಎಂದು ನಾವು ಮೊದಲು ಹೋಗಿ ಕುಳಿತುಕೊಳ್ಳುವುದು ಅಲ್ಲಿಯೇ ತಾನೆ? ರೋಗ ದೊಡ್ಡದಾಗುವ ಮೊದಲೇ ಅದನ್ನು ಹಿಡಿಯಬೇಕಾದ ಜಾಗ ಅದು. ನಗರಗಳಲ್ಲಿ 50,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ಸರ್ಕಾರದ ಲೆಕ್ಕಾಚಾರ. ದೆಹಲಿಯಲ್ಲಿ 2015ರಲ್ಲಿ ಮೊಹಲ್ಲಾ ಕ್ಲಿನಿಕ್ಕು, ಹೈದರಾಬಾದಿನಲ್ಲಿ 2018ರಲ್ಲಿ ಬಸ್ತಿ ದವಾಖಾನಾ, ಮುಂಬಯಿಯಲ್ಲಿ 2022ರಲ್ಲಿ ಆಪ್ಲಾ ದವಾಖಾನಾ ಎಂದು ಬೇರೆ ಬೇರೆ ಹೆಸರಿನಿಂದ ಆರಂಭವಾದವುಗಳ ಉದ್ದೇಶವೂ ಇದೇ: ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ವೈದ್ಯರು ಸಿಗಲಿ ಎಂಬುದು. ನಡೆಯಬಲ್ಲವರಿಗೆ ಅದು ಸರಿಯೇ.

ಮುಂಬಯಿಯ ಹಳೆಯ ಬಡಾವಣೆಗಳಲ್ಲಿ ಡಾಕ್ಟರ ಕ್ಲಿನಿಕ್ಕು ಎಷ್ಟೋ ಸಲ ಅಂಗಡಿಸಾಲಿನಲ್ಲಿಯೇ ಇರುತ್ತದೆ. ಮಳೆಗಾಲದಲ್ಲಿ ಬೀದಿಯ ನೀರು ಒಳಗೆ ನುಗ್ಗದಿರಲೆಂದು ನೆಲವನ್ನು ಎತ್ತರಿಸಿ ಕಟ್ಟಿರುತ್ತಾರೆ. ಆದ್ದರಿಂದ ಬಾಗಿಲಿಗೆ ಎರಡೋ ಮೂರೋ ಮೆಟ್ಟಿಲು. ಕಟ್ಟಿದವನನ್ನು ಬಯ್ಯುವಂತಿಲ್ಲ, ನೀರಿನ ಕಾಟ ಕಂಡವನು ಅವನು. ಆದರೆ ಮೊಣಕಾಲು ಸವೆದ ಎಪ್ಪತ್ತರ ಮುದುಕಿಗೆ, ಹಿಡಿದುಕೊಳ್ಳಲು ಕಂಬಿಯಿಲ್ಲದ ಮೂರು ಮೆಟ್ಟಿಲೆಂದರೆ ಅದೇ ಒಂದು ಬೆಟ್ಟ. ಹತ್ತುವಾಗ ಮಗ ತೋಳು ಹಿಡಿಯುತ್ತಾನೆ, ಇಳಿಯುವಾಗ ಭಯ. ‘ಮುಂದಿನ ವಾರ ಮತ್ತೆ ಬನ್ನಿ’ ಎಂದು ಡಾಕ್ಟರು ಹೇಳಿದಾಗ ಆಕೆ ‘ಈಗ ಎಷ್ಟೋ ವಾಸಿ’ ಎಂದುಬಿಡುವುದು ಬೇನೆ ವಾಸಿಯಾದದ್ದಕ್ಕಲ್ಲ, ಮೆಟ್ಟಿಲಿನ ಅಂಜಿಕೆಗೆ.

ಇನ್ನು ಇಳಿಜಾರು. ಗಾಲಿಕುರ್ಚಿ ಏರಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂದು ನಿಯಮವಿದೆ. ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿಯಾದರೆ ಹದಿನೆಂಟು ಅಡಿ ಇಳಿಜಾರು ಬೇಕಾಯಿತು. ಅಂಗಡಿಯ ಮುಂದೆ ಅಷ್ಟು ಜಾಗವೆಲ್ಲಿ? ಆದ್ದರಿಂದ ನಾಲ್ಕು ಅಡಿಯಲ್ಲಿ ಮುಗಿಸಿ, ನುಣುಪು ಟೈಲು ಹಾಕಿ, ‘ಮಾಡಿದ್ದೇವೆ’ ಎಂದು ತೃಪ್ತಿಪಟ್ಟವರುಂಟು. ಅಂಥ ಇಳಿಜಾರು ಡಾಕ್ಟರ ಸ್ಕೂಟರು ಒಳಗೆ ಬರುವುದಕ್ಕೆ ಬಹಳ ಅನುಕೂಲ. ಜಾಗವಿಲ್ಲದ ಕಡೆ ಮಡಿಸಿ ಇಡುವ ಹಲಗೆಯನ್ನು ಇರಿಸಿಕೊಳ್ಳಬಹುದು. ಅದೂ ಸಾಧ್ಯವಿಲ್ಲದಿದ್ದರೆ ವೈದ್ಯರೇ ಹೊರಗೆ ಬಂದು ರಿಕ್ಷಾದಲ್ಲಿ ಕುಳಿತ ರೋಗಿಯನ್ನು ನೋಡಬಹುದು. ಕೇಳಿದರೆ ಬರುವ ವೈದ್ಯರನ್ನು ನಾನು ನೋಡಿದ್ದೇನೆ. ನಾವು ಕೇಳುವುದಿಲ್ಲ, ಸಂಕೋಚ.

ಒಳಗೆ ಹೋದ ಮೇಲೂ ತೊಡಕು ತೀರುವುದಿಲ್ಲ. ಕಾಯುವ ಕೋಣೆಯಲ್ಲಿ ತೋಳಿಲ್ಲದ ಪ್ಲಾಸ್ಟಿಕ್ ಸ್ಟೂಲು. ಕೈಯೂರಿ ಏಳುವುದಕ್ಕೆ ತೋಳಿರುವ ಒಂದು ಕುರ್ಚಿ ಬೇಕೆಂದು ಮೊಣಕಾಲು ನೋಯದವರಿಗೆ ಹೊಳೆಯುವುದೇ ಇಲ್ಲ. ಪರೀಕ್ಷೆಯ ಮಂಚ ಸೊಂಟದ ಎತ್ತರಕ್ಕೆ. ಹತ್ತಲು ಅಲುಗಾಡುವ ಕಬ್ಬಿಣದ ಮೆಟ್ಟಿಲು. ಹತ್ತಲಾರದವರನ್ನು ಕುಳಿತಲ್ಲಿಯೇ, ಸೀರೆಯ ಮೇಲೆಯೇ ಮುಟ್ಟಿ ನೋಡಿ ಕಳುಹಿಸುತ್ತಾರೆ. ಹೊಟ್ಟೆಯನ್ನು ಒತ್ತಿ ನೋಡಬೇಕಾದದ್ದು ಹಾಗೆಯೇ ಉಳಿಯುತ್ತದೆ. ತೂಕದ ಯಂತ್ರದ ಮೇಲೆ ನಿಲ್ಲಲಾರದವರ ತೂಕವನ್ನು ಕಣ್ಣಂದಾಜಿನಿಂದ ಬರೆದುಕೊಳ್ಳುತ್ತಾರೆ. ತೂಕ ಇಳಿಯುತ್ತಾ ಬಂದದ್ದು ರೋಗದ ಗುರುತಾಗಿದ್ದರೆ ಆ ಗುರುತು ತಪ್ಪಿಹೋಯಿತು. ಮೂತ್ರಪರೀಕ್ಷೆಗೆಂದು ಪುಟ್ಟ ಬಾಟಲಿ ಕೊಟ್ಟು ಕುಕ್ಕರಗಾಲಿನ ಪಾಯಖಾನೆ ತೋರಿಸುತ್ತಾರೆ. ಕೂತರೆ ಏಳಲಾರದವರು ಏನು ಮಾಡಬೇಕು?

ಇವೆಲ್ಲ ಕಲ್ಲು, ಕಬ್ಬಿಣದ ತೊಡಕುಗಳು. ಕಣ್ಣಿಗೆ ಕಾಣುತ್ತವೆ, ಕಂಡದ್ದನ್ನು ತಿದ್ದಬಹುದು. ಮಾತಿನ ಹೊಸ್ತಿಲು ಹಾಗಲ್ಲ. ಎಡವಿದವರಿಗೂ ಎಡವಿದೆವೆಂದು ಗೊತ್ತಾಗುವುದಿಲ್ಲ.

2011ರ ಜನಗಣತಿಯಲ್ಲಿ ಮಹಾರಾಷ್ಟ್ರವೊಂದರಲ್ಲಿಯೇ ಸುಮಾರು 10 ಲಕ್ಷ ಮಂದಿ ಕನ್ನಡವನ್ನು ತಾಯಿನುಡಿಯೆಂದು ಬರೆಸಿದ್ದಾರೆ. ಹರೆಯದಲ್ಲಿ ಇಲ್ಲಿಗೆ ಬಂದವರು, ಇಲ್ಲಿಯೇ ಹುಟ್ಟಿದವರು ಮರಾಠಿಯನ್ನು ನೀರು ಕುಡಿದಂತೆ ಆಡುತ್ತಾರೆ. ನನ್ನ ಚಿಂತೆ ಅವರದಲ್ಲ. ಊರಿನ ಮನೆಗೆ ಬೀಗ ಹಾಕಿ, ಅರವತ್ತೈದು ಎಪ್ಪತ್ತರಲ್ಲಿ ಮಗನ ಮನೆಗೋ ಮಗಳ ಮನೆಗೋ ಬಂದು ಸೇರುವ ಹಿರಿಯರದು. ಹೊಸ ಮಾತು ಕಲಿಯುವ ವಯಸ್ಸು ಕಳೆದು, ಡಾಕ್ಟರ ಬಳಿಗೆ ಮೇಲಿಂದ ಮೇಲೆ ಹೋಗುವ ವಯಸ್ಸು ಬಂದ ಮೇಲೆ ಅವರು ಬರುತ್ತಾರೆ. ಚೆನ್ನೈ, ಪುಣೆ, ದೆಹಲಿಯ ಕನ್ನಡಿಗರ ಮನೆಗಳಲ್ಲಿಯೂ ಇದೇ ಕಥೆಯಷ್ಟೆ.

ಬೇನೆಯ ಮಾತುಗಳು ಬಲು ಮೋಸದವು. ಮೈಸೂರು ಸೀಮೆಯ ಅಜ್ಜಿ ‘ಸಂಕಟವಾಗುತ್ತದೆ’ ಎಂದರೆ ಹೊಟ್ಟೆ ತೊಳಸುತ್ತದೆ, ಎದೆಯಲ್ಲಿ ಏನೋ ಕಸಿವಿಸಿ ಎಂದರ್ಥ. ಮರಾಠಿ, ಹಿಂದಿಗಳಲ್ಲಿಯೂ ಸಂಕಟ ಎಂಬ ಶಬ್ದವಿದೆ. ಅಲ್ಲಿ ಅದು ಆಪತ್ತು. ಆಜಿಗೆ ಮನೆಯಲ್ಲಿ ಏನೋ ತಾಪತ್ರಯವಿರಬೇಕೆಂದು ಡಾಕ್ಟರು ಮರುಗಿದರೆ ಆಶ್ಚರ್ಯವಿಲ್ಲ. ‘ಸುಸ್ತು’ ಎಂದರೆ ನಮಗೆ ನಿತ್ರಾಣ. ಹಿಂದಿಯವರ ಕಿವಿಗೆ ಅದು ಸೋಮಾರಿತನ. ಧಾರವಾಡದವರ ‘ಆರಾಮಿಲ್ಲ’ ಎಂಬ ಮಾತು ಕಾಯಿಲೆಯನ್ನು ಹೇಳುತ್ತದೆ. ಕೇಳುವವರಿಗೆ ಅದು ವಿಶ್ರಾಂತಿಯಿಲ್ಲವೆಂದು ಕೇಳಿಸುತ್ತದೆ. ದೆಹಲಿಯಲ್ಲಿ ಡಾಕ್ಟರು ‘ಕಲ್’ ಎಂದರೆ ಅದು ನಾಳೆಯೂ ಹೌದು, ನಿನ್ನೆಯೂ ಹೌದು. ಕ್ರಿಯಾಪದ ಹಿಡಿದು ಬಿಡಿಸಿಕೊಳ್ಳಬೇಕು. ಕ್ರಿಯಾಪದ ತಿಳಿಯುವಷ್ಟು ಹಿಂದಿ ಬಂದಿದ್ದರೆ ತೊಂದರೆಯೇ ಇರುತ್ತಿರಲಿಲ್ಲವಲ್ಲ! ಇನ್ನು ‘ಜುಮ್ಮು ಹಿಡಿದಿದೆ’, ‘ಕೈಕಾಲು ಹರಿಯುತ್ತದೆ’ ಎಂಬುವನ್ನು ಯಾವ ಭಾಷೆಗೆ ಹೇಗೆ ತಿರುಗಿಸುವುದು? ಸಕ್ಕರೆ ಕಾಯಿಲೆಯವರ ಪಾದ ಜುಮ್ಮೆನ್ನುವುದಕ್ಕೂ ಬರೀ ನೋಯುವುದಕ್ಕೂ ವೈದ್ಯರ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿದೆ.

ನಾವು ಈ ಹೊಸ್ತಿಲಿಗೆ ಒಂದು ಹಲಗೆ ಹಾಕಿಕೊಂಡಿದ್ದೇವೆ. ಆ ಹಲಗೆಯೆಂದರೆ ಮನೆಯ ಮಕ್ಕಳು. ‘ನಿನಗೆ ಮಾತು ಬರುತ್ತದೆ, ನೀನೇ ಕರೆದುಕೊಂಡು ಹೋಗಿ ಹೇಳು’ ಎಂದು ಮಗನನ್ನೋ ಸೊಸೆಯನ್ನೋ ಮೊಮ್ಮಗಳನ್ನೋ ಜೊತೆಗೆ ಕಳುಹಿಸಿ ನಿಶ್ಚಿಂತರಾಗುತ್ತೇವೆ. ಈ ಹಲಗೆ ಎಷ್ಟು ಭಾರ ತಾಳುತ್ತದೆಂಬುದೇ ಈ ಸಲ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡ ಮಾತು.

ಪರಿಚಯದ ಒಂದು ಮನೆಯ ಸಂಗತಿ ಹೇಳುತ್ತೇನೆ, ಹೆಸರು ಬೇಡ. ತಾಯಿಗೆ ಐವತ್ತೆಂಟು ವರ್ಷ, ಗಂಡ ತೀರಿದ ಮೇಲೆ ಮಗನ ಮನೆಗೆ ಬಂದವರು. ದಸರೆ ಕಳೆದ ಮೇಲೆ ನಿತ್ರಾಣ ಶುರುವಾಯಿತು. ಮಗ ಒಳ್ಳೆಯವನು, ಪ್ರತಿ ಸಲವೂ ರಜೆ ಹಾಕಿ ತಾನೇ ಕರೆದೊಯ್ಯುತ್ತಿದ್ದ. ಡಾಕ್ಟರೂ ಒಳ್ಳೆಯವರೇ, ಕೇಳಬೇಕಾದದ್ದನ್ನು ಕೇಳಿದರು. ಮುಟ್ಟು ನಿಂತು ಎಷ್ಟು ವರ್ಷವಾಯಿತು, ಅನಂತರ ಎಂದಾದರೂ ರಕ್ತ ಕಂಡಿದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಮಗನ ಕಿವಿ ಕೆಂಪಾಯಿತು. ತಾಯಿಯ ಕಡೆಗೆ ತಿರುಗಿ ‘ಮತ್ತೆಲ್ಲಾ ಬರೋಬರಿ ಐತಲ್ಲಬೇ?’ ಎಂದ. ಆಕೆ ನೆಲ ನೋಡುತ್ತಾ ‘ಹೂಂ, ಎಲ್ಲಾ ಬರೋಬರಿ ಐತಿ’ ಎಂದರು. ಡಾಕ್ಟರು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಮುಂದಿನ ತಿಂಗಳು ಮತ್ತೆ ಅವೇ ಗುಳಿಗೆ.

ಯುಗಾದಿಗೆ ಆಕೆ ಊರಿಗೆ ಹೋದಾಗ, ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ನೋಡುತ್ತಿದ್ದ ನರ್ಸಮ್ಮ ಬಾಗಿಲು ಮುಂದೆ ಮಾಡಿ, ತಮ್ಮೂರ ಮಾತಿನಲ್ಲಿ, ಅದೇ ಪ್ರಶ್ನೆಯನ್ನು ಕೇಳಿದರು. ಮುಟ್ಟು ನಿಂತು ಎಂಟು ವರ್ಷವಾಗಿತ್ತು. ದಸರೆಯಿಂದೀಚೆಗೆ ಮತ್ತೆ ರಕ್ತ ಹೋಗುತ್ತಿತ್ತು. ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದರು. ಗರ್ಭಕೋಶದಲ್ಲಿ ಬೆಳವಣಿಗೆ, ಶಸ್ತ್ರಚಿಕಿತ್ಸೆಯಾಯಿತು. ಈಗ ಇದ್ದಾರೆ, ಗಟ್ಟಿಯಾಗಿದ್ದಾರೆ. ಐದು ತಿಂಗಳು ಮಾತ್ರ ಹೋದವು, ಮತ್ತೈದು ಹೋಗಿದ್ದರೆ ಏನಾಗುತ್ತಿತ್ತೋ. ಪ್ರಸಂಗ ಬಂದದ್ದರಿಂದ ಸೋದರಿಯರಿಗೆ ಒಂದು ಮಾತು: ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಒಂದು ಸಲ ರಕ್ತ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಹೆಚ್ಚಾಗಿ ಅದು ಸಣ್ಣ ಕಾರಣದ್ದೇ ಇರುತ್ತದೆ; ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಅದೇ ಆಗಿರಬಹುದು.

ಇಲ್ಲಿ ಯಾರನ್ನು ದೂರುವುದು? ಹೆತ್ತ ತಾಯಿ ಆ ಮಾತನ್ನು ಮಗನ ಬಾಯಿಂದ ಆಡಿಸಲಾರಳು, ಮಗ ಆ ಪ್ರಶ್ನೆಯನ್ನು ತಾಯಿಗೆ ಕೇಳಲಾರ. ಅವನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದೇ ಸರಿಯಲ್ಲ. ಗಂಡಸರ ಪಾಡೂ ಬೇರೆಯಲ್ಲ. ‘ರಾತ್ರಿ ಐದು ಸಲ ಮೂತ್ರಕ್ಕೆ ಏಳುತ್ತೇನೆ’ ಎಂದು ಮಾವನವರು ಸೊಸೆಯ ಮೂಲಕ ಹೇಳಿಸುವುದುಂಟೆ? ‘ರಾತ್ರಿ ನಿದ್ದೆಯಿಲ್ಲ’ ಎನ್ನುತ್ತಾರೆ. ನಿದ್ದೆಯ ಗುಳಿಗೆ ಬರುತ್ತದೆ. ಮೂತ್ರಕ್ಕೆ ಏಳುವುದಂತೂ ತಪ್ಪದು. ಗುಳಿಗೆಯ ಮಂಪರಿನಲ್ಲಿ ಕತ್ತಲೆಯ ಬಚ್ಚಲಿಗೆ ಹೋಗಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ದಾರಿ ಇದು.

ಮಕ್ಕಳ ವಿಷಯವಂತೂ ಇನ್ನೂ ನಾಜೂಕು. ಮನೆಯಲ್ಲೆಲ್ಲ ಚೊಕ್ಕ ಮರಾಠಿ ಬರುವುದು ಶಾಲೆಗೆ ಹೋಗುವ ಮೊಮ್ಮಗಳಿಗೇ. ಹನ್ನೆರಡು ವರ್ಷದ ಆ ಹುಡುಗಿ ‘ಅಜ್ಜಾ, ನಿನ್ನ ಹೊಟ್ಟೆಯಲ್ಲಿ ಗಡ್ಡೆ ಇದೆಯಂತೆ’ ಎಂದು ಹೇಳಬೇಕೆ? ಹೇಳದೆ ಮುಚ್ಚಿಟ್ಟುಕೊಂಡರೆ ಆ ಭಾರವನ್ನು ಅವಳು ಎಲ್ಲಿ ಇಳಿಸಬೇಕು?

ಔಷಧದ ಚೀಟಿಯ ಸಂಗತಿ ಒಂದಿಷ್ಟು ವಾಸಿ. ಎಷ್ಟೋ ವೈದ್ಯರು 1-0-1 ಎಂದು ಬರೆಯುತ್ತಾರಲ್ಲ, ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು. ಅದನ್ನು ಹುಟ್ಟುಹಾಕಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಯಾವ ಭಾಷೆಯ ಹಂಗೂ ಇಲ್ಲದೆ ತಿಳಿಯುತ್ತದೆ. ಆದರೆ ಊಟಕ್ಕೆ ಮುಂಚೆಯೋ ಆಮೇಲೆಯೋ ಎಂಬುದು ಅದರಲ್ಲಿಲ್ಲ. ಕೆಲವರು ಇನ್ನೂ ‘ಬಿಡಿ’, ‘ಟಿಡಿಎಸ್’, ‘ಎಸ್‌ಓಎಸ್’ ಎಂದು ಲ್ಯಾಟಿನಿನ ಮೊದಲಕ್ಷರಗಳನ್ನೇ ಬರೆಯುತ್ತಾರೆ. ಕ್ರಮವಾಗಿ ದಿನಕ್ಕೆ ಎರಡು ಸಲ, ಮೂರು ಸಲ, ಬೇಕಾದಾಗ ಮಾತ್ರ ಎಂದು ಅರ್ಥ. ಕಡೆಯದನ್ನು ನೋಡಿ ‘ಅಪಾಯದ ಔಷಧ’ ಎಂದು ಹೆದರಿ ಡಬ್ಬಿಯಲ್ಲೇ ಇಟ್ಟವರುಂಟು.

ಮಾತು ಬಾರದ ಊರಿನಲ್ಲಿ ರೋಗಿಯಾಗುವುದು ಎಂಥದೆಂದು ನಮಗೆ ತಿಳಿದಿರುವುದರಿಂದ, ಇನ್ನೊಂದು ಪಂಗಡದವರ ಕಷ್ಟ ನಮಗೆ ಬೇಗ ಅರ್ಥವಾಗಬೇಕು. ಹುಟ್ಟು ಕಿವುಡರು ತಮ್ಮ ಸ್ವಂತ ಊರಿನಲ್ಲಿಯೇ ಜೀವಮಾನವಿಡೀ ಈ ಸ್ಥಿತಿಯಲ್ಲಿರುತ್ತಾರೆ. ದವಾಖಾನೆಯಲ್ಲಿ ಹೆಸರು ಕೂಗಿದರೆ ಅವರಿಗೆ ಕೇಳಿಸದು, ಸರದಿ ತಪ್ಪುತ್ತದೆ. ಕುರುಡರಿಗೆ ಗೋಡೆಯ ಮೇಲಿನ ಕೆಂಪು ಅಂಕಿ ಕಾಣದು, ಅವರದೂ ತಪ್ಪುತ್ತದೆ. ಅಂಕಿಯನ್ನೂ ತೋರಿಸಿ ಹೆಸರನ್ನೂ ಕೂಗಿದರೆ ಇಬ್ಬರಿಗೂ ಆಯಿತು; ಖರ್ಚು ಕಾಸಿಲ್ಲ. ಸಂಜ್ಞಾಭಾಷೆಗೆಂದೇ ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಆದರೂ ಬೀದಿಯ ಕ್ಲಿನಿಕ್ಕಿನಲ್ಲಿ ಸಂಜ್ಞೆ ಬಲ್ಲವರು ಸಿಗುವುದು ಅಪರೂಪ. ಕಿವುಡ ತಾಯಿಯ ಪರವಾಗಿ ಮಾತನಾಡುವುದು ಅಲ್ಲಿಯೂ ಆಕೆಯ ಚಿಕ್ಕ ಮಗುವೇ. ವಯಸ್ಸಾಗಿ ಕಿವಿ ಮಂದವಾದವರ ಬಳಿ ಕಿರಿಚಿದರೆ ಪ್ರಯೋಜನವಿಲ್ಲ. ಮುಖಕ್ಕೆ ಬೆಳಕು ಬೀಳುವಂತೆ ಎದುರಿಗೆ ಕುಳಿತು, ಮುಖದ ಬಟ್ಟೆ ಸರಿಸಿ, ನಿಧಾನವಾಗಿ ಹೇಳಬೇಕು.

ಕಾಯಿದೆ ಏನು ಹೇಳುತ್ತದೆ? ಅಂಗವಿಕಲರ ಹಕ್ಕುಗಳ 2016ರ ಕಾಯಿದೆ, ಸರ್ಕಾರಿ ಖಾಸಗಿ ಎರಡೂ ಬಗೆಯ ಆಸ್ಪತ್ರೆ, ಆರೋಗ್ಯ ಕೇಂದ್ರಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶವಿರಬೇಕೆಂದೂ, ಅಂಗವಿಕಲರನ್ನು ಮೊದಲು ನೋಡಬೇಕೆಂದೂ ಹೇಳುತ್ತದೆ. ಅದರ ನಿಯಮಗಳು 2017ರ ಜೂನ್‌ನಲ್ಲಿ ಬಂದವು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ತಿದ್ದಲು ಕೊಟ್ಟ ಐದು ವರ್ಷ 2022ಕ್ಕೆ ಮುಗಿಯಿತು. ಆ ನಿಯಮ ಬರಿಯ ಸಲಹೆಯಂತಿದೆ, ಕಡ್ಡಾಯದ ನಿಯಮ ಮಾಡಿ ಎಂದು ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಕೇಂದ್ರ ಸರ್ಕಾರಕ್ಕೆ ಆದೇಶವಿತ್ತಿತು. ಮಾತಿನ ವಿಷಯಕ್ಕೆ ಬಂದರೆ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ, ರೋಗಿಗೆ ಅವನ ಕಾಯಿಲೆಯ ವಿವರವನ್ನು ಅವನು ಬಲ್ಲ ಭಾಷೆಯಲ್ಲಿ ತಿಳಿಸಬೇಕೆಂದಿದೆ. ನ್ಯಾಯವಾದ ಮಾತು. ನಾವು ಇದನ್ನು ಇಲ್ಲಿ ಕೇಳುವಾಗ ಒಂದನ್ನು ನೆನಪಿಡಬೇಕು: ಬೆಂಗಳೂರಿಗೆ ದುಡಿಯಲು ಬಂದ ಒಡಿಯಾ ಕೂಲಿಯ ಹೆಂಡತಿ ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ಕನ್ನಡ ತಿಳಿಯದೆ ಕಣ್ಣು ಬಿಡುವಾಗ, ಕೊಡಬೇಕಾದವರು ನಮ್ಮವರೇ.

ಕಾಯಿದೆ ನಡೆಯುವಷ್ಟು ನಡೆಯಲಿ. ಅಷ್ಟರಲ್ಲಿ ಮನೆಯಲ್ಲಿ ಮಾಡುವುದೂ ಇದೆ. ಹಿರಿಯರನ್ನು ಕರೆದೊಯ್ಯುವ ಮೊದಲು ಕ್ಲಿನಿಕ್ಕಿಗೆ ಫೋನು ಮಾಡಿ ಮೆಟ್ಟಿಲು ಎಷ್ಟು, ಹಿಡಿಯಲು ಕಂಬಿ ಇದೆಯೇ, ಕುರ್ಚಿಯಂಥ ಪಾಯಖಾನೆ ಇದೆಯೇ ಎಂದು ಕೇಳಿ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಕಂಬಿ ಬಂದೀತು. ಹಿಂದಿನ ದಿನ ಒಂದು ಹಾಳೆಯಲ್ಲಿ ಬೇನೆ ಏನು, ಎಂದಿನಿಂದ, ಈಗ ನುಂಗುವ ಗುಳಿಗೆಗಳು ಯಾವುವು, ಯಾವ ಔಷಧ ಒಗ್ಗುವುದಿಲ್ಲ, ಹಿಂದೆ ಆದ ಶಸ್ತ್ರಚಿಕಿತ್ಸೆ ಯಾವುದು ಎಂದು ಕನ್ನಡದಲ್ಲಿ ಬರೆಸಿ, ಪಕ್ಕದಲ್ಲಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಿರಿ. ಬರೆದುಕೊಳ್ಳುವವರು ಹೆಂಗಸರಿಗೆ ಹೆಂಗಸರೇ ಆಗಿರಲಿ. ಹತ್ತಿರ ಬೇರೆ ಯಾರೂ ಬೇಡ. ಮಗನ ಮುಂದೆ ಆಡಲಾಗದ ಮಾತನ್ನು ಹಾಳೆ ಆಡುತ್ತದೆ. ಅನುವಾದ ಮಾಡುವ ಮೊಬೈಲು ಫೋನನ್ನು ಬಳಸುವುದಾದರೆ ಚಿಕ್ಕ ಚಿಕ್ಕ ವಾಕ್ಯ ಹೇಳಿ. ‘ಸಂಕಟ’ದ ಹೊಣೆಯನ್ನು ಅದಕ್ಕೆ ವಹಿಸಬೇಡಿ. ಡಾಕ್ಟರು ಹೇಳಿದ್ದನ್ನು ಅಲ್ಲಿಯೇ ರೋಗಿಯ ಬಾಯಿಂದ ತಿರುಗಿ ಹೇಳಿಸಿ: ‘ಅವ್ವಾ, ಯಾವ ಗುಳಿಗೆ, ಎಷ್ಟು ಹೊತ್ತಿಗೆ?’ ತಪ್ಪಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಸಂಘದವರ ಮುಂದೆ ನನ್ನದೊಂದು ಸೂಚನೆ. ನಾಟಕಕ್ಕೆ, ರಾಜ್ಯೋತ್ಸವಕ್ಕೆ ಸ್ವಯಂಸೇವಕರು ಸಿಗುವಂತೆ, ವಾರಕ್ಕೊಂದು ಬೆಳಗ್ಗೆ ದವಾಖಾನೆಗೆ ಜೊತೆಯಲ್ಲಿ ಹೋಗಬಲ್ಲ ಸದಸ್ಯರ ಒಂದು ಪಟ್ಟಿಯನ್ನು ಬಡಾವಣೆವಾರು ಮಾಡಿದರೆ ಹೇಗೆ? ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು. ನೆಂಟರಾಗಿರಬಾರದು, ನೆರೆಮನೆಯವರೂ ಆಗಿರದಿದ್ದರೆ ಮೇಲು. ಅವರ ಕೆಲಸ ಬಹಳ ಸರಳ: ಆಡಿದ್ದನ್ನು ಆಡಿದಂತೆ ದಾಟಿಸುವುದು, ಸೇರಿಸಬಾರದು, ಬಿಡಬಾರದು, ರೋಗಿಯ ಪರವಾಗಿ ತಾವೇ ಉತ್ತರ ಕೊಡಬಾರದು, ಕೇಳಿದ್ದನ್ನು ಸಂಘದ ಅರಿಸಿನ ಕುಂಕುಮಕ್ಕೆ ಒಯ್ಯಬಾರದು. ಕಡೆಯದೇ ಕಷ್ಟ ಎಂದು ನಮ್ಮ ಮನೆಯಲ್ಲಿ ನಗುತ್ತಾರೆ. ನಮ್ಮಲ್ಲಿ ಡಾಕ್ಟರಾಗಿರುವ ಸದಸ್ಯರು ಇಂಥವರಿಗೆ ಒಂದು ಭಾನುವಾರ ಪಾಠ ಹೇಳಬಹುದು. ಹಾಗೆಯೇ ತಮ್ಮ ಕ್ಲಿನಿಕ್ಕಿನ ಮಂಚವನ್ನೂ ಒಂದು ಸಲ ಅಳೆದು ನೋಡಬಹುದು.

ಜೊತೆ ಹೋಗುವವರಿಗೆ ಒಂದು ಶಬ್ದಪಟ್ಟಿಯೂ ಬೇಕಾಗುತ್ತದೆ, ಏಕೆಂದರೆ ಕನ್ನಡ ಬಂದರೆ ಸಾಲದು. ಮಂಗಳೂರಿನವರು ‘ಬಚ್ಚಿತು’ ಎಂದು ದಣಿವನ್ನು ಹೇಳಿದರೆ ವಿಜಯಪುರದವರಿಗೆ ಅರ್ಥವಾಗದು. ವಿಜಯಪುರದವರ ‘ನೆಟ್ಟಗಿಲ್ಲ’ ಎಂಬುದು ಕುಂದಾಪುರದವರಿಗೆ ಬೇರೆಯಾಗಿ ಕೇಳಿಸೀತು. ನಿಮ್ಮ ಮನೆಯ ಅಜ್ಜ ಅಜ್ಜಿಯರು ಬೇನೆಯನ್ನು ಹೇಳಲು ಬಳಸುವ ಮಾತುಗಳನ್ನು ಕೇಳಿ, ಊರು ಸೀಮೆಗಳೊಡನೆ ಬರೆದು ಸಂಪಾದಕರಿಗೆ ಕಳುಹಿಸಿ. ಮರಾಠಿ, ತಮಿಳು, ತೆಲುಗು, ಹಿಂದಿಗಳಲ್ಲಿ ಅವಕ್ಕೆ ಸಮನಾದ ಮಾತು ಗೊತ್ತಿದ್ದರೆ ಅದನ್ನೂ ಬರೆಯಿರಿ. ಮೂವತ್ತೋ ನಲವತ್ತೋ ಕೂಡಿದರೆ ಬರುವ ಸಂಚಿಕೆಯಲ್ಲಿ ಕತ್ತರಿಸಿ ಇಟ್ಟುಕೊಳ್ಳುವಂತೆ ಒಂದು ಪುಟದಲ್ಲಿ ಅಚ್ಚು ಹಾಕಿಸೋಣ. ಹಿರಿಯರಿಗೆ ಓದಲು ಬರುವಂತೆ, ದಪ್ಪ ಅಕ್ಷರದಲ್ಲಿ.